ಸಂಕೇತದಲ್ಲಿ ನಿಮ್ಮ ಅರ್ಥ ಹುಡುಕುವುದು ಹೇಗೆ? ಮಲೆನಾಡಿನ ಚಿತ್ತಾರ, ಕಲ್ಲು, ಕೆತ್ತನೆ ನೋಡುವವರಿಗೊಂದು ಮಾರ್ಗದರ್ಶಿ

“ಹೊಸ ಮನೆ ಗೋಡೆಗೆ ಹಸೆ ಚಿತ್ತಾರ ಬರೆಸಬೇಕು, ಯಾವುದಕ್ಕೆ ಏನರ್ಥ ಹೇಳಿ.” “ಕೈ ಮೇಲೆ ಗಂಡಭೇರುಂಡದ ಹಚ್ಚೆ ಹಾಕಿಸಿಕೊಂಡರೆ ಒಳ್ಳೆಯದಾ?” “ನಮ್ಮ ಗದ್ದೆ ಅಂಚಿನಲ್ಲಿ ಕೆತ್ತನೆ ಇರುವ ಕಲ್ಲೊಂದಿದೆ, ಅದು ಏನು ಹೇಳುತ್ತದೆ?” ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರು ಈ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. (ಹಸೆ ಚಿತ್ತಾರ ಎಂದರೆ ನಮ್ಮ ಕಡೆ ಮದುವೆ ಮನೆಯ ಗೋಡೆಗೆ ಬರೆಯುವ ಚಿತ್ರ, ಗಂಡಭೇರುಂಡ ಎಂದರೆ ಎರಡು ತಲೆಯ ಹಕ್ಕಿ.)

ಕೇಳುವವರಿಗೆ ಬೇಕಿರುವುದು ಒಂದು ಪಟ್ಟಿ. ಕಮಲ ಅಂದರೆ ಶುದ್ಧಿ, ಹಾವು ಅಂದರೆ ಸಂತಾನ, ಎರಡು ತಲೆ ಹಕ್ಕಿ ಅಂದರೆ ಬಲ. ಅಂಥ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅದನ್ನು ನೋಡಿ ಚಿತ್ರ ಆರಿಸಿದವರು ಆರು ತಿಂಗಳಲ್ಲಿ ಅದರ ಕಡೆ ತಿರುಗಿ ನೋಡುವುದನ್ನೇ ಬಿಡುತ್ತಾರೆ. ಯಾಕೆಂದರೆ ಅದು ಅವರಿಗೆ ಏನನ್ನೂ ಹೇಳಿರುವುದಿಲ್ಲ, ಪಟ್ಟಿ ಬರೆದವರು ಹೇಳಿರುತ್ತಾರೆ ಅಷ್ಟೆ.

ಈ ಲೇಖನಕ್ಕಾಗಿ ಎರಡು ಹೆಸರು ಇಟ್ಟುಕೊಳ್ಳೋಣ. ಒಂದು ಸಂಕೇತವನ್ನು ಮಾಡಿದವರು, ಬಳಸಿದವರು, ಪೂಜಿಸಿದವರು ಅದಕ್ಕೆ ಕೊಟ್ಟದ್ದು ‘ಊರ ಅರ್ಥ’. ಅದನ್ನು ನೋಡುತ್ತಾ ನೋಡುತ್ತಾ ನಿಮ್ಮೊಳಗೆ ಹುಟ್ಟಿದ್ದು ‘ನನ್ನ ಅರ್ಥ’. ಎರಡೂ ನಿಜ, ಎರಡೂ ಬೇಕು. ಆದರೆ ಒಂದನ್ನು ಇನ್ನೊಂದು ಎಂದು ಹೇಳಬಾರದು. ಕೆಳಗಿನ ಹಂತಗಳೆಲ್ಲ ಇವೆರಡನ್ನು ಬೇರೆ ಬೇರೆ ಹುಡುಕಿ, ಆಮೇಲೆ ಪಕ್ಕಪಕ್ಕ ಇಡುವುದಕ್ಕಾಗಿ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಗೆರೆ ಇಲ್ಲದ ಒಂದು ನೋಟ್‌ಬುಕ್, ಎರಡು ಪೆನ್ಸಿಲ್, ಒಂದು ಸಣ್ಣ ಟಾರ್ಚ್. ಮಳೆಗಾಲದಲ್ಲಿ ಹೋಗುವುದಾದರೆ ಉಂಬಳಕ್ಕೆ, ಅಂದರೆ ಜಿಗಣೆಗೆ, ಸ್ವಲ್ಪ ಉಪ್ಪು. ನೋಟ್‌ಬುಕ್‌ನ ಎಡ ಪುಟದಲ್ಲಿ ಊರ ಅರ್ಥ, ಬಲ ಪುಟದಲ್ಲಿ ನನ್ನ ಅರ್ಥ. ಈ ನಿಯಮ ಮುರಿಯಬೇಡಿ. ತಿಂಗಳಾದ ಮೇಲೆ ಯಾವುದು ಯಾರ ಮಾತು ಎಂದು ನೆನಪಿರುವುದಿಲ್ಲ.

ಒಯ್ಯಬಾರದ್ದೂ ಇದೆ. ಸೀಮೆಸುಣ್ಣ, ಹಿಟ್ಟು, ಎಣ್ಣೆ, ತಂತಿ ಬ್ರಷ್. ಕಲ್ಲಿನ ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ಉಜ್ಜುವುದು, ಪಾಚಿ ತೆಗೆಯಲು ತಂತಿ ಬ್ರಷ್ ಹಾಕುವುದು ನಮ್ಮ ಕಡೆ ಮಾಮೂಲಿ. ಎರಡೂ ಕೆತ್ತನೆಯನ್ನು ತಿನ್ನುತ್ತವೆ. ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಹತ್ತಿರ ಹಿಡಿದರೆ ಸಾಕು, ಸವೆದ ಗೆರೆಯೂ ನೆರಳಿನಲ್ಲಿ ಎದ್ದು ಬರುತ್ತದೆ.

ಹಂತ 1: ಒಂದೇ ಒಂದನ್ನು ಆರಿಸಿ

ಒಂದು ದಿನದಲ್ಲಿ ಮೂರು ದೇವಸ್ಥಾನ ಸುತ್ತಿ ಬರುವುದು ಪ್ರವಾಸ. ಈ ಕೆಲಸಕ್ಕೆ ಒಂದು ಗೋಡೆ, ಒಂದು ಕಲ್ಲು, ಒಂದು ಆಕೃತಿ ಸಾಕು. ಮತ್ತೆ ಮತ್ತೆ ಹೋಗಲು ಆಗುವಷ್ಟು ಹತ್ತಿರದಲ್ಲಿ ಇರಲಿ.

ಶಿವಮೊಗ್ಗ ಪೇಟೆಯಲ್ಲೇ ಇರುವವರಿಗೆ ಕೋಟೆ ಆಂಜನೇಯ ದೇವಸ್ಥಾನದ ಪಕ್ಕ ಇರುವ ಶಿವಪ್ಪ ನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯ ಒಳ್ಳೆಯ ಶುರು. ಅಲ್ಲಿ ವೀರಗಲ್ಲು (ಕಾಳಗದಲ್ಲಿ ಸತ್ತವರ ನೆನಪಿನ ಕಲ್ಲು), ಶಾಸನ, ಮೂರ್ತಿಗಳಿವೆ, ಜನಜಂಗುಳಿ ಇಲ್ಲ. ಸಾಗರದವರಿಗೆ ಕೆಳದಿ ಮತ್ತು ಇಕ್ಕೇರಿ ಕೆಲವೇ ಕಿಲೋಮೀಟರ್ ದೂರ. ಶಿಕಾರಿಪುರದ ಕಡೆಯವರಿಗೆ ಬಳ್ಳಿಗಾವಿ, ತಾಳಗುಂದ. ತೀರ್ಥಹಳ್ಳಿಯವರಿಗೆ ಕುಪ್ಪಳಿಯ ಕವಿಶೈಲ. ಎಲ್ಲೂ ಹೋಗಲು ಆಗದವರಿಗೆ ಸ್ವಂತ ಮನೆಯೇ ಇದೆ: ಬಾಗಿಲ ಚೌಕಟ್ಟಿನ ಕೆತ್ತನೆ, ಅಟ್ಟದಲ್ಲಿ ಬಿದ್ದಿರುವ ಹಳೇ ಬುಟ್ಟಿ, ಅಜ್ಜಿ ಪೆಟ್ಟಿಗೆಯ ಹಿತ್ತಾಳೆ ಹಕ್ಕಿ. ಸಾಗರ, ಸೊರಬದ ಗುಡಿಗಾರರು ತಲೆಮಾರುಗಳಿಂದ ಗಂಧದ ಮರದಲ್ಲಿ ಕೆತ್ತುತ್ತಾ ಬಂದವರು. ಅವರ ಕೈಯ ಒಂದು ಸಣ್ಣ ಸಾಮಾನಾದರೂ ಈ ಭಾಗದ ಎಷ್ಟೋ ಮನೆಗಳಲ್ಲಿ ಇರುತ್ತದೆ.

ಎಲ್ಲರೂ ಎಡವುವುದು ಒಂದೇ ಕಡೆ. ಅರ್ಥ ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಚಿತ್ರ ಆರಿಸುತ್ತಾರೆ. ‘ಶಾಂತಿ ಕೊಡುವ ಸಂಕೇತ ಬೇಕು’ ಎಂದು ಹೊರಟರೆ ಪಟ್ಟಿಯ ಹತ್ತಿರವೇ ಬಂದು ನಿಲ್ಲುತ್ತೀರಿ. ಕಣ್ಣು ಎಲ್ಲಿ ನಿಲ್ಲುತ್ತದೋ ಅದನ್ನು ಹಿಡಿದುಕೊಳ್ಳಿ. ಯಾಕೆ ನಿಂತಿತು ಎಂಬುದು ಆಮೇಲಿನ ಮಾತು.

ಹಂತ 2: ಓದುವ ಮೊದಲು ನೋಡಿ

ಫಲಕ ಓದಬೇಡಿ. ಮೊಬೈಲ್ ಚೀಲದಲ್ಲಿರಲಿ. ಅರ್ಚಕರೋ ಗೈಡೋ ಹೇಳಲು ಶುರು ಮಾಡಿದರೆ, “ಸ್ವಲ್ಪ ನೋಡಿ ಆಮೇಲೆ ಕೇಳ್ತೇನೆ” ಎಂದು ನಯವಾಗಿ ಹೇಳಿ. ಕಾಲು ಗಂಟೆ ಸುಮ್ನೆ ನೋಡಿ. ಮೊದಲ ಐದು ನಿಮಿಷ ಬೇಜಾರಾಗುತ್ತದೆ. ಆ ಬೇಜಾರು ದಾಟಿದ ಮೇಲೆಯೇ ಕಣ್ಣು ನಿಜವಾಗಿ ಕೆಲಸ ಶುರು ಮಾಡುವುದು.

ಏನು ನೋಡಬೇಕು? ಅದು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ನೋಡಲು ನೀವು ತಲೆ ಎತ್ತಬೇಕಾ ಬಗ್ಗಿಸಬೇಕಾ? ಯಾವ ಭಾಗ ಕೈ ಮುಟ್ಟಿ ಮುಟ್ಟಿ ನುಣುಪಾಗಿದೆ? ಯಾವ ಭಾಗವನ್ನು ಶಿಲ್ಪಿ ತೀಡಿ ಮಾಡಿದ್ದಾನೆ, ಯಾವುದನ್ನು ಅವಸರದಲ್ಲಿ ಮುಗಿಸಿದ್ದಾನೆ?

ಜಾಗದ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋದವರು ದೊಡ್ಡ ನಂದಿ ನೋಡುತ್ತಾರೆ, ಎತ್ತರದ ಗೋಡೆ ನೋಡುತ್ತಾರೆ, ವಾಪಸ್ ಬರುತ್ತಾರೆ. ಒಳಗೆ ನೆಲದ ಕಲ್ಲಿನ ಮೇಲೆ ಕೆಳದಿಯ ನಾಯಕರು ದೇವರಿಗೆ ಸಾಷ್ಟಾಂಗ ಬಿದ್ದಿರುವ ಉಬ್ಬುಚಿತ್ರಗಳಿವೆ. ನಾಡು ಆಳಿದವರು ತಮ್ಮ ಚಿತ್ರವನ್ನು ಬಂದುಹೋಗುವವರ ಕಾಲಡಿಗೆ ಹಾಕಿಸಿಕೊಂಡಿದ್ದಾರೆ. ಅದೇ ಚಿತ್ರ ಕಂಬದ ಮೇಲಿದ್ದರೆ ಬೇರೆಯೇ ಮಾತಾಗುತ್ತಿತ್ತು, ಅಲ್ವಾ? ಇದನ್ನು ಯಾವ ಫಲಕವೂ ಹೇಳಬೇಕಾಗಿಲ್ಲ, ನೆಲ ನೋಡಿದವರಿಗೆ ತಾನಾಗಿ ತಿಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ನಮ್ಮದು ಮಳೆಯ ನಾಡು. ಕಲ್ಲುಗಳು ಪಾಚಿ ಹಿಡಿದು, ಸವೆದು, ಸಿಪ್ಪೆ ಎದ್ದಿರುತ್ತವೆ. ಅಂಥ ಕಲ್ಲಿನಲ್ಲಿ ಇಲ್ಲದ ಕಣ್ಣು, ಮೂಗು, ಹಾವು ಎಲ್ಲವೂ ಕಾಣುತ್ತವೆ. ಗುರುತಿಲ್ಲದ ಆಕಾರದಲ್ಲಿ ಪರಿಚಿತ ರೂಪ ಕಾಣುವ ಈ ಗುಣಕ್ಕೆ ಮನಃಶಾಸ್ತ್ರದಲ್ಲಿ ಪ್ಯಾರಿಡೋಲಿಯಾ ಅನ್ನುತ್ತಾರೆ. ಮೋಡದಲ್ಲಿ ಆನೆ ಕಾಣುವುದು ಇದರಿಂದಲೇ. ಅದು ರೋಗವೇನಲ್ಲ, ಎಲ್ಲರ ಕಣ್ಣೂ ಹಾಗೇ. ಕಂಡದ್ದನ್ನು ಬಲ ಪುಟದಲ್ಲಿ ಧಾರಾಳವಾಗಿ ಬರೆದುಕೊಳ್ಳಿ. ಎಡ ಪುಟಕ್ಕೆ ಮಾತ್ರ ತರಬೇಡಿ.

ಹಂತ 3: ಕೈಯಿಂದ ನಕಲು ಮಾಡಿ

“ನನಗೆ ಚಿತ್ರ ಬರೆಯಲು ಬರುವುದಿಲ್ಲ” ಎಂದು ಇದನ್ನು ಬಿಡುವವರೇ ಜಾಸ್ತಿ. ಬಿಡಬೇಡಿ. ಚೆಂದ ಬರಬೇಕಾಗಿಲ್ಲ, ಯಾರಿಗೂ ತೋರಿಸಬೇಕಾಗಿಲ್ಲ. ಕಣ್ಣು ಜಾರಿಸಿ ಬಿಟ್ಟದ್ದನ್ನು ಕೈ ಬಿಡುವುದಿಲ್ಲ, ಅದಕ್ಕಾಗಿ ನಕಲು. ವೀರಗಲ್ಲಿನ ವೀರನ ಕೈಯಲ್ಲಿ ಬಿಲ್ಲಿದೆಯೋ ಕತ್ತಿಯೋ ಎಂದು ನೋಡುವಾಗ ಗಮನಿಸಿರುವುದಿಲ್ಲ. ಬರೆಯಲು ಕೂತಾಗ ಗಮನಿಸಲೇಬೇಕು.

ಹಸೆ ಚಿತ್ತಾರವನ್ನು ಆರಿಸಿಕೊಂಡವರಿಗೆ ಈ ಹಂತದಲ್ಲೇ ಅರ್ಧ ಪಾಠ ಇದೆ. ಸಾಗರ, ಸೊರಬ, ಹೊಸನಗರ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆ ಮೇಲೆ ಬರೆಯುತ್ತಾ ಬಂದ ಕಲೆ ಇದು. ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿ ನೆನೆಸಿ ಅರೆದರೆ ಬಿಳಿ. ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದರೆ ಕಪ್ಪು. ಗುರುಗೆ ಬೀಜದಿಂದ ಹಳದಿ. ಕುಂಚ ಎಂದರೆ ಪುಂಡಿ ನಾರಿನದು. ಇಡೀ ಸಾಮಾನು ಗದ್ದೆ, ಗುಡ್ಡ, ಅಡುಗೆಮನೆಯಿಂದಲೇ ಬರುತ್ತದೆ.

ಈಗ ಅದನ್ನು ಕಾಗದದ ಮೇಲೆ ನಕಲು ಮಾಡಿ ನೋಡಿ. ಮೊದಲು ತಿಳಿಯುವುದು, ಇಲ್ಲಿ ಬಳುಕುವ ಗೆರೆ ಕಡಿಮೆ. ನೆಟ್ಟಗೆ, ಅಡ್ಡಕ್ಕೆ, ಓರೆಗೆ ಎಳೆದ ಸಣ್ಣ ಗೆರೆಗಳು, ಅವುಗಳ ನಡುವೆ ಸಮನಾದ ಜಾಗ. ಆಮೇಲೆ ತಿಳಿಯುವುದು, ಒಂದು ಗೆರೆ ಸ್ವಲ್ಪ ಸರಿದರೆ ಮುಂದಿನ ಹತ್ತು ಗೆರೆ ಸರಿಯುತ್ತವೆ. ಮದುಮಕ್ಕಳ ಗೊಂಬೆಗಳೂ ಗೆರೆಯಲ್ಲೇ ಆಗುವುದು, ಅಲ್ಲಿ ಮುಖಭಾವ ಹುಡುಕಬೇಡಿ. ಅರ್ಧ ಗಂಟೆ ಬರೆದರೆ ಉಸಿರು ಗೆರೆಯ ಜೊತೆ ಹೋಗಲು ಶುರುವಾಗುತ್ತದೆ. ಹೆಂಗಸರು ಇದನ್ನು ಬರೆಯುವಾಗ ಯಾಕೆ ಹಾಡುತ್ತಾರೆ ಎಂದು ಆಗ ಯಾರನ್ನೂ ಕೇಳಬೇಕಾಗುವುದಿಲ್ಲ. ಚಿತ್ರದ ಅರ್ಥದಲ್ಲಿ ಒಂದು ಪಾಲು ಅದನ್ನು ಬರೆಯುವ ಕೆಲಸದಲ್ಲೇ ಇದೆ. ಫೋಟೋ ನೋಡಿ ‘ಚೆನ್ನಾಗಿದೆ’ ಎಂದವರಿಗೆ ಆ ಪಾಲು ಸಿಗುವುದಿಲ್ಲ.

ಟ್ರೇಸ್ ಮಾಡಬೇಡಿ. ಕಲ್ಲಿನ ಮೇಲೆ ಕಾಗದ ಇಟ್ಟು ಉಜ್ಜುವುದಂತೂ ಬೇಡವೇ ಬೇಡ. ಕಲ್ಲಿಗೂ ಕೆಟ್ಟದ್ದು, ನಿಮ್ಮ ಕಣ್ಣಿಗೂ ಅಭ್ಯಾಸ ಆಗುವುದಿಲ್ಲ.

ಹಂತ 4: ಈಗ ಊರ ಅರ್ಥ ಕೇಳಿ

ಇದೇ ದೊಡ್ಡ ಹಂತ, ಎಡ ಪುಟ ತುಂಬುವುದು ಇಲ್ಲಿ. ಜನ ತಪ್ಪುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ಚಿತ್ತಾರ ಬರೆಯುವ ಹಿರಿಯರ ಮುಂದೆ ಕೂತು “ಇದರ ಅರ್ಥ ಏನು?” ಎಂದರೆ, “ನಮ್ಮವ್ವ ಹೀಗೇ ಬರೀತಿದ್ಲು” ಎಂಬ ಉತ್ತರ ಬರುತ್ತದೆ. ಅವರಿಗೆ ಗೊತ್ತಿಲ್ಲ ಎಂದು ತಿಳಿದು ಎದ್ದು ಬರಬೇಡಿ. ಪ್ರಶ್ನೆ ಬದಲಿಸಿ:

ಇದನ್ನು ಯಾವಾಗ ಬರೆಯುತ್ತೀರಿ? ಯಾರ ಮನೆಯಲ್ಲಿ, ಯಾವ ಗೋಡೆಗೆ? ಮೊದಲು ಯಾವ ಗೆರೆ ಹಾಕುತ್ತೀರಿ? ಯಾವುದನ್ನು ಬಿಟ್ಟರೆ ಆಗುವುದಿಲ್ಲ? ಕೆಲಸ ಮುಗಿದ ಮೇಲೆ ಏನು ಮಾಡುತ್ತೀರಿ?

ಸಂಕೇತದ ಅರ್ಥ ಅದನ್ನು ಬಳಸುವ ರೀತಿಯಲ್ಲಿ ಇರುತ್ತದೆ. ಬಳಕೆ ಕೇಳಿದರೆ ಅರ್ಥ ತಾನಾಗಿ ಹೊರಗೆ ಬರುತ್ತದೆ. ಹಸೆ ಗೋಡೆಯ ಚಿತ್ತಾರ ಮದುವೆಯದು. ಮದುಮಕ್ಕಳು ಹಸೆ ಮೇಲೆ ಕೂರುವ ಜಾಗದ ಗೋಡೆಗೆ ಬರೆಯುವುದು. ಅದರೊಳಗೆ ದಂಡಿಗೆ ಎಂದರೆ ಪಲ್ಲಕ್ಕಿ, ಬಾಸಿಂಗ ಎಂದರೆ ಮದುಮಕ್ಕಳ ಹಣೆಗೆ ಕಟ್ಟುವ ಅಲಂಕಾರ. ಪೋಪಳಿ, ನಿಲಿ, ಜೋಗಿ ಜಡೆ ಎಂಬುವು ಗೆರೆ ಹೆಣೆಯುವ ವಿನ್ಯಾಸಗಳ ಹೆಸರು. ಆ ಗೋಡೆ ಒಂದು ಮದುವೆಗೆ ಸಾಕ್ಷಿ ಕೂತ ಗೋಡೆ. ‘ಸಮೃದ್ಧಿಯ ಸಂಕೇತ’ ಎಂಬ ಒಣ ಸಾಲಿಗಿಂತ ಇದು ಎಷ್ಟು ಮೇಲು ನೋಡಿ.

ಭೂಮಿ ಹುಣ್ಣಿಮೆಯ ಬುಟ್ಟಿಯದೂ ಹೀಗೇ. ನವರಾತ್ರಿ ಮುಗಿದ ಮೇಲೆ ಬರುವ ಹುಣ್ಣಿಮೆ ಅದು. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಬಸಿರಿ ಹೆಂಗಸಿಗೆ ಬಯಕೆ ಊಟ ಹಾಕುವ ಹಾಗೆ ಭೂಮಿಗೆ ಬಡಿಸುವ ಹಬ್ಬ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದು, ರಾತ್ರಿಯೆಲ್ಲ ಅಡುಗೆ ಮಾಡಿ, ನಸುಕಿನಲ್ಲಿ ಅದರಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ಇದು ಗೊತ್ತಾದ ಮೇಲೆ ಆ ಬುಟ್ಟಿಯನ್ನು ಹೋಟೆಲ್ ಲಾಬಿಯಲ್ಲಿ ತಲೆಕೆಳಗೆ ನೇತು ಹಾಕಿ, ದೀಪದ ಬುರುಡೆ ಸಿಕ್ಕಿಸಿದ್ದನ್ನು ಕಂಡರೆ ನಿಮಗೂ ಸ್ವಲ್ಪ ಕಸಿವಿಸಿ ಆಗಬಹುದು. ನನಗಂತೂ ಆಗುತ್ತದೆ.

ಗದ್ದೆ ಅಂಚಿನ ಕಲ್ಲು ವೀರಗಲ್ಲಾಗಿದ್ದರೆ, ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮೇಲಿನಿಂದ ಓದಲು ಹೊರಟವರಿಗೆ ಕತೆ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ ಮೂರು ಅಂಕಣ, ಅಂದರೆ ಮೂರು ಪಟ್ಟಿ ಇರುತ್ತವೆ. ಕೆಳಗೆ ಕಾಳಗ. ಅಲ್ಲಿ ದನಗಳ ಸಾಲಿದ್ದರೆ ಅದು ತುರುಗಾಳಗ, ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನ ಕಲ್ಲು. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುವುದು. ತುದಿಯಲ್ಲಿ ಲಿಂಗದ ಮುಂದೆ ಕೂತಿರುವುದು, ಜೈನ ವೀರನಾದರೆ ಜಿನನ ಮುಂದೆ. ಮೇಲಿನ ಮೂಲೆಗಳಲ್ಲಿ ಸೂರ್ಯ ಚಂದ್ರ. ಅವು ಇರುವ ತನಕ ಈ ಹೆಸರು ಇರಲಿ ಎಂದು. ಅಂಕಣಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇದ್ದರೆ ಅದು ಶಾಸನ. ಹಳಗನ್ನಡ ಲಿಪಿ ಓದಬಲ್ಲವರಿಂದಲೇ ಓದಿಸಿ, ಊಹೆ ಮಾಡಬೇಡಿ.

ಇನ್ನೊಂದು ವಿಷಯ ಎಡ ಪುಟ ತುಂಬುವಾಗ ನೆನಪಿಡಿ. ಊರ ಅರ್ಥ ಒಂದೇ ಆಗಿರುವುದಿಲ್ಲ, ನಿಂತ ನೀರೂ ಅಲ್ಲ. ಗಂಡಭೇರುಂಡವನ್ನೇ ನೋಡಿ. ಬಳ್ಳಿಗಾವಿಯ ಭೇರುಂಡೇಶ್ವರ ಕಂಬ 1047ರದು. ಕಲ್ಯಾಣ ಚಾಲುಕ್ಯರ ಸಾಮಂತ ಚಾವುಂಡರಾಯರಸ ನಿಲ್ಲಿಸಿದ್ದು. ಅಲ್ಲಿನ ಭೇರುಂಡಕ್ಕೆ ಮನುಷ್ಯನ ಮೈ, ಎರಡು ಹಕ್ಕಿ ತಲೆ. ಆಮೇಲೆ ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಆನೆಗಳನ್ನು ಹಿಡಿದ ಪೂರ್ತಿ ಹಕ್ಕಿಯಾಗಿ ಬರುತ್ತದೆ. ಕೆಳದಿಯ ವೀರಭದ್ರ ದೇವಸ್ಥಾನದ ಒಳಗೆ ನಿಂತು ತಲೆ ಎತ್ತಿದರೆ ಚಾವಣಿಯಲ್ಲಿ ಆನೆ, ಸಿಂಹಗಳನ್ನು ಹಿಡಿದ ಹಕ್ಕಿ ಕಾಣುತ್ತದೆ. ಕೆಳದಿಯವರ ಆಳ್ವಿಕೆ 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು ಹಿಡಿದಾಗ ಮುಗಿಯಿತು, ಹಕ್ಕಿ ಮುಗಿಯಲಿಲ್ಲ. ಮೈಸೂರು ಒಡೆಯರ ಲಾಂಛನದಲ್ಲಿ ಕೂತಿತು. ಇವತ್ತು ಕರ್ನಾಟಕ ಸರ್ಕಾರದ ಪ್ರತಿ ಕಾಗದದ ತಲೆಯ ಮೇಲಿದೆ. ಸಾಮಂತನ ಕಂಬ, ಸಾಮ್ರಾಜ್ಯದ ನಾಣ್ಯ, ದೇವಸ್ಥಾನದ ಚಾವಣಿ, ತಹಶೀಲ್ದಾರರ ನೋಟಿಸು. ಒಂದೇ ಹಕ್ಕಿ, ಎಷ್ಟು ಕೆಲಸ! ‘ಗಂಡಭೇರುಂಡ ಅಂದರೆ ಬಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಇದೆಲ್ಲ ಕಳೆದುಹೋಗುತ್ತದೆ.

ವೀರಗಲ್ಲುಗಳಿಗೂ ಹೀಗೇ ಆಗಿದೆ. ಯಾರ ಕಲ್ಲು ಎಂಬುದು ಮರೆತುಹೋದ ಮೇಲೆ ಕೆಲವು ಕಡೆ ಅದನ್ನೇ ಭೂತಪ್ಪ ಎಂದು ಪೂಜಿಸುತ್ತಾರೆ. ಚರಿತ್ರೆ ಓದಿದವರು ಇದನ್ನು ತಪ್ಪು ಎನ್ನಬಹುದು. ನನ್ನ ಪ್ರಕಾರ ಅದೂ ಊರ ಅರ್ಥವೇ. ಎಡ ಪುಟದಲ್ಲಿ ಎರಡನ್ನೂ ಬರೆಯಿರಿ: ಹಿಂದೆ ಏನಾಗಿತ್ತು, ಈಗ ಏನಾಗಿದೆ.

ಕೇಳುವಾಗಿನ ರೀತಿ ನೀತಿ: ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ. ಗರ್ಭಗುಡಿ, ಚೌಡಿ ಬನ, ನಾಗರಬನದಲ್ಲಿ ಫೋಟೋ ಬೇಡ ಎಂದರೆ ಬೇಡ. ಹಾಡು ಹೇಳಿಸಿಕೊಂಡರೆ, ಒಂದು ಹೊತ್ತು ಕೆಲಸ ಬಿಡಿಸಿದರೆ, ಬರಿಗೈಯಲ್ಲಿ ಎದ್ದು ಬರಬೇಡಿ.

ಹಂತ 5: ಬಲ ಪುಟಕ್ಕೆ ಬನ್ನಿ

ಮನೆಗೆ ಬಂದು, ಮಾರನೇ ದಿನ, ನೀವು ಮಾಡಿದ ನಕಲನ್ನು ಎದುರಿಗಿಟ್ಟುಕೊಳ್ಳಿ. ಫೋಟೋ ಅಲ್ಲ, ನಕಲು. ಮೂರು ಪ್ರಶ್ನೆಗೆ ಉತ್ತರ ಬರೆಯಿರಿ.

ನಾನು ಯಾವ ಭಾಗವನ್ನು ಎಲ್ಲಕ್ಕಿಂತ ಗಮನ ಕೊಟ್ಟು ಬರೆದಿದ್ದೇನೆ?
ಇದನ್ನು ನೋಡಿದಾಗ ಯಾರು ನೆನಪಾದರು, ಯಾವ ಜಾಗ ನೆನಪಾಯಿತು?
ಇದರಲ್ಲಿ ನನಗೆ ಇಷ್ಟವಾಗದ್ದು, ಹೆದರಿಕೆ ಹುಟ್ಟಿಸಿದ್ದು ಏನು?

ಮೂರನೆಯದನ್ನು ಬಿಡಬೇಡಿ. ಅರ್ಥ ಎಂದರೆ ಹಿತವಾದದ್ದೇ ಇರಬೇಕು ಎಂಬ ಹಟ ಬಹಳ ಜನರಿಗೆ ಇರುತ್ತದೆ. ಹಕ್ಕಿಯ ಎರಡು ತಲೆ ಬೇರೆ ಬೇರೆ ದಿಕ್ಕಿಗೆ ನೋಡುವುದು ಒಬ್ಬರಿಗೆ ಬಲವಾಗಿ ಕಾಣಬಹುದು. ಬೆಂಗಳೂರಿನ ಕೆಲಸ, ಹೊಸನಗರದ ತೋಟ ಎರಡನ್ನೂ ಬಿಡಲಾಗದವರಿಗೆ ಅದೇ ಹಕ್ಕಿ ಎಳೆದಾಟವಾಗಿ ಕಾಣಬಹುದು. ಎರಡನೆಯವರ ಅರ್ಥವೇ ಜಾಸ್ತಿ ದಿನ ಬಾಳುತ್ತದೆ ಎಂದು ನನ್ನ ಅನಿಸಿಕೆ, ಅದು ಅವರ ಬದುಕಿನಿಂದ ಬಂದದ್ದು.

ಇಷ್ಟು ಕೇಳಿದ ಮೇಲೂ ಏನೂ ಹೊಳೆಯದಿರಬಹುದು. ಆಗ ಏನನ್ನಾದರೂ ಬರೆಯಲೇಬೇಕೆಂದು ಕತೆ ಕಟ್ಟಬೇಡಿ. ಬಲ ಪುಟ ಖಾಲಿ ಬಿಟ್ಟು ಇನ್ನೊಂದು ಹೊತ್ತಿನಲ್ಲಿ ಅಲ್ಲಿಗೆ ಮತ್ತೆ ಹೋಗಿ. ಬೆಳಿಗ್ಗೆ ನೋಡಿದ್ದರೆ ಸಂಜೆ, ಬೇಸಿಗೆಯಲ್ಲಿ ನೋಡಿದ್ದರೆ ಮಳೆಗಾಲದಲ್ಲಿ. ಕವಿಶೈಲದ ದೊಡ್ಡ ಕಲ್ಲುಕಂಬಗಳನ್ನು ಮಧ್ಯಾಹ್ನದ ಬಿಸಿಲಲ್ಲಿ ನೋಡಿದವರು ‘ಕಲ್ಲು ನಿಲ್ಲಿಸಿದ್ದಾರೆ ಅಷ್ಟೆ’ ಎಂದು ಬರುತ್ತಾರೆ. ಕವಿಶೈಲ ಎಂದರೆ ಕುವೆಂಪು ಅವರು ಕೂತು ಸಂಜೆ ನೋಡುತ್ತಿದ್ದ ಬಂಡೆ, ಅವರ ಸಮಾಧಿ ಇರುವುದೂ ಅಲ್ಲೇ. ಸಂಜೆಯೇ ಹೋಗಿ. (ಅಲ್ಲಿನ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಹೆಸರು ಕೆತ್ತಿದ್ದಾರೆಂದು ನಿಮ್ಮದನ್ನೂ ಕೆತ್ತಲು ಹೋಗಬೇಡಿ.)

ಹಂತ 6: ಎರಡೂ ಪುಟ ಎದುರುಬದುರು ಇಡಿ

ಎಡ ಬಲ ಪುಟ ಹೊಂದಿಕೊಂಡರೆ ಸರಿ, ಮುಂದೆ ಹೋಗಿ. ಹೊಂದದೆ ಇದ್ದಾಗ ಮೂರು ತರಹದ ತೊಂದರೆ ಬರುತ್ತದೆ.

ಮೊದಲನೆಯದು ನೋವಿನ ಸಂಕೇತ. ಕಂಬದಿಂದ ಒಂದು ಕೈ ಹೊರಗೆ ಚಾಚಿ, ಮೊಣಕೈ ಮಡಿಸಿ, ಬಳೆ ತೊಟ್ಟು, ಬೆರಳ ನಡುವೆ ನಿಂಬೆಹಣ್ಣು ಹಿಡಿದ ಕಲ್ಲು ಕಂಡರೆ ಅದು ಮಾಸ್ತಿಗಲ್ಲು. ಗಂಡ ಸತ್ತಾಗ ಚಿತೆ ಏರಿದ ಹೆಂಗಸಿನ ನೆನಪಿಗೆ ನಿಲ್ಲಿಸಿದ್ದು. ನೋಡಲು ಆ ಕೈ ಚೆಂದವಾಗಿಯೇ ಇರುತ್ತದೆ, ಅಭಯ ಕೊಡುವ ಹಾಗೆ ಕಾಣುತ್ತದೆ. ಅದನ್ನು ‘ಹೆಣ್ಣಿನ ಶಕ್ತಿ’ ಎಂದು ಟೀ ಶರ್ಟ್ ಮೇಲೆ ಹಾಕುವ ಮೊದಲು ಎಡ ಪುಟ ಓದಿ. ಆ ಕೈ ನಿಮಗೆ ಏನೋ ಹೇಳಿದ್ದರೆ ಅದು ನಿಮ್ಮ ನೋಟ್‌ಬುಕ್‌ನಲ್ಲಿರಲಿ. ಮೈ ಮೇಲೆ, ಗೋಡೆ ಮೇಲೆ ಹಾಕುವುದು ಬೇರೆ ಮಾತು.

ಎರಡನೆಯದು ಬೇರೆಯವರ ಪೂಜೆ. ಬನದ ನಾಗರಕಲ್ಲು, ಹಬ್ಬದ ಬುಟ್ಟಿ, ಮದುವೆ ಗೋಡೆ ಇವೆಲ್ಲ ಯಾರದೋ ಆಚರಣೆಯ ಸಾಮಾನು. ನೋಡಿ ಅರ್ಥ ಕಂಡುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಅದನ್ನು ನಿಮ್ಮ ಅಂಗಡಿಯ ಲೋಗೋ ಮಾಡಲು ಮಾತ್ರ ಆ ಜನರ ಹತ್ತಿರ ಮಾತಾಡಿ.

ಮೂರನೆಯದು ಕಾನೂನು. ಗಂಡಭೇರುಂಡ ಎಂಬ ಹಕ್ಕಿ ಎಲ್ಲರದು. ಆದರೆ ರಾಜ್ಯ ಸರ್ಕಾರದ ಲಾಂಛನ, ಅಂದರೆ ಹಕ್ಕಿಯ ಎರಡು ಪಕ್ಕ ನಿಂತ ಪ್ರಾಣಿಗಳು, ಮೇಲಿನ ಸಿಂಹಗಳು ಸೇರಿದ ಇಡೀ ಚಿತ್ರ ಸರ್ಕಾರದ್ದು. ವ್ಯಾಪಾರಕ್ಕೆ ಅದನ್ನು ಬಳಸುವುದನ್ನು 1950ರ ಲಾಂಛನಗಳ ಕಾಯ್ದೆ ತಡೆಯುತ್ತದೆ. ಇಂಟರ್ನೆಟ್‌ನಲ್ಲಿ ಮೊದಲು ಸಿಗುವ ಚಿತ್ರ ಹೆಚ್ಚಾಗಿ ಅದೇ, ಹಾಗಾಗಿ ತುಂಬಾ ಜನ ಗೊತ್ತಿಲ್ಲದೆ ಅದನ್ನೇ ಕಾರ್ಡಿಗೆ, ಬೋರ್ಡಿಗೆ ಹಾಕಿಸುತ್ತಾರೆ. ಕೆಳದಿಯ ಚಾವಣಿ ನೋಡಿ ನೀವೇ ಬರೆದ ನಕಲು ಇದೆಯಲ್ಲ, ಅದನ್ನು ಬಳಸಿ.

ಇದಕ್ಕೆ ಸೇರಿದ ಇನ್ನೊಂದು ಎಚ್ಚರಿಕೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕಲ್ಲಿನ ಮೇಲೆ ಹಾವು, ಚಂದ್ರ, ಕತ್ತಿ ಕಂಡರೆ ಕೆಳಗೆ ನಿಧಿ ಇದೆ ಎಂದು ಹೇಳುವವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹೀಗೆ ಅಗೆದು ಬೀಳಿಸಿದ ಕಲ್ಲುಗಳನ್ನು ಹೊಲದ ಬದುವಿನಲ್ಲಿ ಯಾರು ಬೇಕಾದರೂ ನೋಡಬಹುದು. ಸೂರ್ಯ ಚಂದ್ರ ಯಾಕಿದೆ ಎಂದು ಮೇಲೆ ಓದಿದಿರಿ, ನಿಧಿಗೂ ಅದಕ್ಕೂ ಸಂಬಂಧ ಇಲ್ಲ. ಅಂಥವರು ನಿಮ್ಮ ನೋಟ್‌ಬುಕ್ ನೋಡಲು ಕೇಳಿದರೆ ಕೊಡಬೇಡಿ. ಗದ್ದೆಯಲ್ಲಿ ಸಿಕ್ಕ ಕಲ್ಲನ್ನು ಮನೆ ಅಂಗಳಕ್ಕೆ ಸಾಗಿಸುವುದೂ ಬೇಡ. ಕಲ್ಲಿನ ಅರ್ಧ ಕತೆ ಅದು ನಿಂತ ಜಾಗದಲ್ಲಿರುತ್ತದೆ. ಪಂಚಾಯಿತಿಗೋ ರಾಜ್ಯ ಪುರಾತತ್ವ ಇಲಾಖೆಗೋ ತಿಳಿಸಿ. ಸಂರಕ್ಷಿತ ಸ್ಮಾರಕಗಳನ್ನು ಹಾಳು ಮಾಡುವುದು ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎರಡರಲ್ಲೂ ಅಪರಾಧ.

ಹಂತ 7: ಸ್ವಲ್ಪ ದಿನ ಬಿಟ್ಟುಬಿಡಿ

ಹಚ್ಚೆಗಾದರೆ ಕನಿಷ್ಠ ಒಂದು ಮಳೆಗಾಲ. ಗೋಡೆಗಾದರೆ ಒಂದೆರಡು ತಿಂಗಳು. ನಕಲನ್ನು ದಿನಾ ಕಣ್ಣಿಗೆ ಬೀಳುವ ಕಡೆ ಅಂಟಿಸಿ, ಕನ್ನಡಿ ಪಕ್ಕವೋ ಅಡುಗೆಮನೆಯ ಕಪಾಟಿನ ಬಾಗಿಲಿಗೋ. ಅದು ಕಾಣದಷ್ಟು ಹಳತಾದರೆ ಬೇರೆ ಆರಿಸಿ. ಇನ್ನೂ ನಿಂತು ನೋಡುತ್ತಿದ್ದರೆ ಮುಂದಿನ ಹಂತ.

ಹಂತ 8: ಬಳಕೆಗೆ ತನ್ನಿ

ಹಚ್ಚೆಯವರಿಗೆ ಒಂದೇ ಮಾತು. ಹಚ್ಚೆ ಹಾಕುವವರ ಆಲ್ಬಮ್ಮಿನ ಚಿತ್ರ ಬೇಡ, ನಿಮ್ಮ ನಕಲನ್ನು ಕೊಟ್ಟು ಅದನ್ನೇ ತಿದ್ದಿಸಿ. ಹೊಸ ಸೂಜಿಯ ಪೊಟ್ಟಣ ಒಡೆಯುವುದನ್ನು ಕಣ್ಣಾರೆ ನೋಡಿ. ಸಣ್ಣ ಸಣ್ಣ ಗೆರೆಯ ಚಿತ್ತಾರ ಚರ್ಮದ ಮೇಲೆ ವರ್ಷ ಕಳೆದಂತೆ ಹರಡಿ ಒಂದಕ್ಕೊಂದು ಸೇರುತ್ತದೆ. ದೊಡ್ಡದಾಗಿ, ಗೆರೆ ಕಡಿಮೆ ಮಾಡಿ ಹಾಕಿಸಿ.

ಮದುವೆ ಕಾಗದಕ್ಕೆ ಹಾಕುವವರು ಚಿತ್ತಾರದ ಯಾವ ಭಾಗ ಯಾವುದು ಎಂದು ತಿಳಿದು ಹಾಕಿ. ಅಂಚಿಗೆ ಸುಮ್ನೆ ತುಂಡು ಮಾಡಿ ಸುತ್ತಿದರೆ ದಂಡಿಗೆಯ ಅರ್ಧ ಒಂದು ಮೂಲೆಯಲ್ಲಿ, ಇನ್ನರ್ಧ ಹಿಂದಿನ ಪುಟದಲ್ಲಿ ಬರುತ್ತದೆ.

ಗೋಡೆಗೆ ಬರೆಸುವವರು ಬರೆಯುವವರನ್ನೇ ಹುಡುಕಿ. ಸ್ಟಿಕ್ಕರ್ ಅಗ್ಗ, ಹೌದು. ಆದರೆ ಮೂರನೇ ಹಂತದಲ್ಲಿ ನೀವು ಗೆರೆ ಎಳೆದು ನೋಡಿದ್ದೀರಿ, ಆ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಗೊತ್ತು. ಚೌಕಾಸಿ ಮಾಡುವಾಗ ಅದು ನೆನಪಿರಲಿ. ಮೊದಲೇ ಮೂರು ವಿಷಯ ಮಾತಾಡಿಕೊಳ್ಳಿ: ಎಷ್ಟು ದಿನದ ಕೆಲಸ, ಬಣ್ಣ ಮಣ್ಣಿನದೋ ಡಬ್ಬಿಯದೋ, ಮದುವೆ ಗೋಡೆಯದೇ ಚಿತ್ತಾರ ಬೇಕೋ ಬೇರೆಯದೋ. ಮದುವೆ ಇಲ್ಲದ ಮನೆಗೆ ಹಸೆ ಗೋಡೆಯ ಪೂರ್ತಿ ಚಿತ್ತಾರ ಬರೆಯಲು ಕೆಲವರು ಒಪ್ಪುತ್ತಾರೆ, ಕೆಲವರು ಬೇರೆ ಏನಾದರೂ ಬರೆದು ಕೊಡುತ್ತೇವೆ ಎನ್ನುತ್ತಾರೆ. ಅವರು ಹೇಳಿದ ಹಾಗೆ ಕೇಳಿ. ನಿಮ್ಮ ಬಲ ಪುಟದ ಮಾತನ್ನೂ ಅವರಿಗೆ ಹೇಳಿ ನೋಡಿ. ಅದಕ್ಕೆ ತಕ್ಕ ಹಾಗೆ ಒಂದು ಎಳೆ ಸೇರಿಸಿಕೊಟ್ಟಾರು.

ಮಣ್ಣಿನ ಬಣ್ಣವೇ ಬೇಕಾದರೆ ಒಳಗೋಡೆ ಆರಿಸಿ, ಹೊರಗೋಡೆಯದು ಇರಚಲು ಮಳೆಗೆ ತೊಳೆದುಹೋಗುತ್ತದೆ. ನುಣುಪು ಪೇಂಟ್ ಬಳಿದ ಸಿಮೆಂಟ್ ಗೋಡೆಗೆ ಕೆಮ್ಮಣ್ಣು ಹಿಡಿಯುವುದಿಲ್ಲ. ಆ ಭಾಗದ ಪೇಂಟ್ ಕೆರೆಸಿ ಒರಟು ಮಾಡಿಸಿಕೊಳ್ಳಿ, ಇಲ್ಲವೇ ಬೇರೆ ಹಲಗೆಯ ಮೇಲೆ ಬರೆಸಿ ನೇತು ಹಾಕಿ. ಬರೆಸಲು ದೀಪಾವಳಿ ಕಳೆದ ಮೇಲಿನ ದಿನಗಳು ಒಳ್ಳೆಯವು. ಆಷಾಢ ಶ್ರಾವಣದಲ್ಲಿ ನಮ್ಮ ಕಡೆ ಗೋಡೆ ಒಣಗುವುದಿಲ್ಲ, ಅಕ್ಕಿ ಹಿಟ್ಟಿನ ಗೆರೆಗೆ ಬೂಷ್ಟು ಬಂದುಬಿಡುತ್ತದೆ.